ಮನೆಯ ರೆಕಾರ್ಡಿಂಗ್ ಕೋಣೆಯಲ್ಲಿ ಹಮ್ ಮತ್ತು ಕರಕರೆ: ಮೂಲವನ್ನು ಪತ್ತೆಹಚ್ಚುವ ಕ್ರಮ

ಚೆಂಡೆ ಮದ್ದಳೆಗಳು ನುಡಿಯುತ್ತಿರುವಾಗ ಯಾರ ಕಿವಿಗೂ ಬೀಳದ ಗುಂಯ್ ಎಂಬ ಹಮ್ ಸದ್ದು, ತಾಳಮದ್ದಳೆಯ ಅರ್ಥಧಾರಿ ಮಾತಿನ ನಡುವೆ ಒಂದು ಗಳಿಗೆ ತಡೆದು ನಿಂತಾಗ ಎದ್ದು ಕೇಳಿಸುತ್ತದೆ. ಚೆಂಡೆಯ ಮುಂದಿಟ್ಟ ಮೈಕಿಗೆ ಪ್ರೀಆಂಪಿನಲ್ಲಿ (ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಸರ್ಕ್ಯೂಟಿನಲ್ಲಿ) 20 ಡೆಸಿಬೆಲ್ ಗೇನ್, ಅಂದರೆ ಹಿಗ್ಗಿಕೆ, ಸಾಕಾದರೆ, ಮೆಲುದನಿಯಲ್ಲಿ ಅರ್ಥ ಹೇಳುವವರ ಮುಂದಿಟ್ಟ ಡೈನಮಿಕ್ ಮೈಕಿಗೆ 60 ಡೆಸಿಬೆಲ್ ಬೇಕಾಗುವುದುಂಟು. ಈ 40 ಡೆಸಿಬೆಲ್ ವ್ಯತ್ಯಾಸವೆಂದರೆ ಕೇಬಲಿಗೆ ಹತ್ತಿಕೊಂಡ ವಿದ್ಯುತ್ ಸದ್ದೂ ನೂರು ಪಟ್ಟು ಹಿಗ್ಗಿದಂತೆ. ಹೀಗಾಗಿ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ತಾಳಮದ್ದಳೆಯನ್ನೂ ಭಾಗವತಿಕೆಯನ್ನೂ ಮನೆಯ ಉಪ್ಪರಿಗೆಯಲ್ಲೇ ಧ್ವನಿಮುದ್ರಿಸಿಕೊಳ್ಳುವವರಿಗೆ, ಅಬ್ಬರದ ವಾದ್ಯಕ್ಕಿಂತ ಮಾತೇ ಹೆಚ್ಚು ಕಷ್ಟ ಕೊಡುತ್ತದೆ.

ಸದ್ದು ಬಂತೆಂದು ಹೇಳಿದರೆ ಸಿಗುವ ಮೊದಲ ಸಲಹೆ, ಅರ್ತಿಂಗ್ ಸರಿಯಿಲ್ಲ, ಹೊಸ ಗುಂಡಿ ತೋಡಿಸಿ ಎಂಬುದು. ಎರಡನೆಯದು, ಒಳ್ಳೆಯ ಸ್ಪೈಕ್ ಬಸ್ಟರ್ ತೆಗೆದುಕೊಳ್ಳಿ ಎಂಬುದು. ಸ್ಪೈಕ್ ಬಸ್ಟರಿನ ಕೆಲಸ ಸಿಡಿಲು ಮುಂತಾದವುಗಳಿಂದ ಒಮ್ಮೆಲೇ ಏರುವ ವೋಲ್ಟೇಜನ್ನು ತಡೆಯುವುದು. ತುಲಾ ಮಾಸದ ಸಂಜೆಗುಡುಗಿನ ಕಾಲದಲ್ಲಿ ಅದು ಇರಲೇಬೇಕು, ಆದರೆ ಹಮ್ಮಿಗೂ ಅದಕ್ಕೂ ಸಂಬಂಧವಿಲ್ಲ. ಅರ್ತಿಂಗಿನ ವಿಷಯ ಇಷ್ಟು ಸುಲಭವಲ್ಲ; ಅದನ್ನು ಮುಂದೆ ವಿವರವಾಗಿ ನೋಡೋಣ. ಯಾವುದಕ್ಕೇ ಆಗಲಿ, ಸದ್ದು ಎಂಥದ್ದು ಎಂದು ಗುರುತಿಸುವ ಮೊದಲು ಹಣ ಖರ್ಚು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಡಬಾರದ ಕೆಲಸ

ಹಮ್ ಓಡಿಸಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ನನ್ನು ಕಳಚುವ, ಇಲ್ಲವೇ ನಡುವೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸುವ ರೂಢಿ ನಮ್ಮಲ್ಲಿದೆ. ಹಾಗೆ ಮಾಡಿದಾಗ ಎಷ್ಟೋ ಸಲ ಸದ್ದು ನಿಜವಾಗಿಯೂ ನಿಲ್ಲುತ್ತದೆ, ಅಪಾಯವಿರುವುದೂ ಅಲ್ಲೇ. ಮಿಕ್ಸರಿನ ಒಳಗೆ ಇನ್ಸುಲೇಷನ್ ಕೆಟ್ಟ ದಿನ ಫೇಸ್ ಕರೆಂಟು ಅದರ ತಗಡಿಗೆ ಬಂದು, ಅಲ್ಲಿಂದ ಕೇಬಲಿನ ಷೀಲ್ಡ್ (ಒಳತಂತಿಗಳ ಸುತ್ತಲಿನ ಲೋಹದ ಹೆಣಿಗೆ) ಹಿಡಿದು ಮೈಕಿನ ಜಾಲರಿಗೆ ತಲಪುತ್ತದೆ. ಹಾಡುವವರ ತುಟಿ ಆ ಜಾಲರಿಗೆ ತಾಗಿಕೊಂಡೇ ಇರುತ್ತದೆ. ಸಿಗ್ನಲ್ ದಾರಿಯಲ್ಲಿ ಷೀಲ್ಡ್ ಬಿಡಿಸುವುದು ಬೇರೆ, ಕರೆಂಟಿನ ಅರ್ತ್ ಬಿಡಿಸುವುದು ಬೇರೆ. ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸಿನ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಮಾಡುವುದು ಮೊದಲಿನದನ್ನು ಮಾತ್ರ, ಅದನ್ನು ಧೈರ್ಯವಾಗಿ ಬಳಸಬಹುದು. ಸ್ವಿಚ್ ಬೋರ್ಡಿನ ಮುಚ್ಚಳ ತೆರೆಯಬೇಕಾದ ಕೆಲಸವನ್ನೆಲ್ಲ ಲೈಸೆನ್ಸ್ ಇರುವ ವಯರ್‌ಮ್ಯಾನ್ ಮಾಡಲಿ.

ಸದ್ದು ಕೋಣೆಯದೋ ಕರೆಂಟಿನದೋ

ಫ್ಯಾನು, ಸ್ಟೆಬಿಲೈಸರ್, ಇನ್ವರ್ಟರುಗಳ ಟ್ರಾನ್ಸ್‌ಫಾರ್ಮರ್ ತಾನೇ ಗೊರಗುಟ್ಟುತ್ತಿದ್ದರೆ ಮೈಕು ಅದನ್ನು ಪ್ರಾಮಾಣಿಕವಾಗಿ ಹಿಡಿಯುತ್ತದೆ. ಆಗ ವಯರಿಂಗಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಇವೆರಡನ್ನೂ ಬೇರ್ಪಡಿಸಲು ಒಂದು ಸಣ್ಣ ಸಾಧನ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮೈಕ್ ಕೇಬಲಿಗೆ ಬಳಸುವ ಮೂರು ಪಿನ್ನಿನ ಒಂದು ಗಂಡು ಎಕ್ಸ್‌ಎಲ್‌ಆರ್ ಕನೆಕ್ಟರ್ ತಂದು, ಅದರ 2 ಮತ್ತು 3ನೇ ಪಿನ್ನುಗಳ ನಡುವೆ 150 ಓಮ್‌ನ ಒಂದು ರೆಸಿಸ್ಟರ್ ಬೆಸುಗೆ ಹಾಕಿ ಮುಚ್ಚಿಬಿಡಬೇಕು. ಮೈಕಿನ ಒಳರೋಧವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಪ್ರೀಆಂಪಿಗೆ ಇದು ಕಿವುಡು ಮೈಕಿನಂತೆ ಕಾಣುತ್ತದೆ. ಕಂಡೆನ್ಸರ್ ಮೈಕಿಗೆ ಕೇಬಲಿನ ಮೂಲಕವೇ ವಿದ್ಯುತ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಆಫ್ ಮಾಡಿ, ಇದನ್ನು ನೇರವಾಗಿ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸಿಗೆ ಚುಚ್ಚಿ, ಗೇನನ್ನು ಎಂದಿನ ಮಟ್ಟದಲ್ಲೇ ಬಿಟ್ಟು ಹೆಡ್‌ಫೋನಿನಲ್ಲಿ ಕೇಳಿ. ಸದ್ದು ಉಳಿದರೆ ದೋಷ ಇಂಟರ್‌ಫೇಸಿನಲ್ಲಿದೆ ಇಲ್ಲವೇ ಅದರ ಹಿಂದಿದೆ. ಹೋದರೆ ಅದೇ ಸಾಧನವನ್ನು ಮೈಕ್ ಕೇಬಲಿನ ಆಚೆ ತುದಿಗೆ ಹಾಕಿ ಮತ್ತೆ ಕೇಳಿ. ಈಗ ಬಂದರೆ ಕೇಬಲಿನದು, ಆಗಲೂ ಬರದಿದ್ದರೆ ಮೈಕಿನದು ಅಥವಾ ಕೋಣೆಯದು.

ಈ ಪರೀಕ್ಷೆಯಲ್ಲಿ ಸ್ಸ್ಸ್ ಎಂಬ ಹಿಸ್ ಮಾತ್ರ ಉಳಿದರೆ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ. 150 ಓಮ್‌ನ ರೆಸಿಸ್ಟರ್ ಕೋಣೆಯ ಉಷ್ಣತೆಯಲ್ಲಿ ತಾನೇ ಸುಮಾರು ಮೈನಸ್ 131 ಡಿಬಿಯು (ಸಿಗ್ನಲಿನ ವೋಲ್ಟೇಜ್ ಹೇಳುವ ಡೆಸಿಬೆಲ್ ಮಾನ) ಸದ್ದು ಹೊರಡಿಸುತ್ತದೆ. ಇದು ಭೌತಶಾಸ್ತ್ರದ ಮಿತಿಯಾದ್ದರಿಂದ ಎಷ್ಟು ದುಬಾರಿಯ ಪ್ರೀಆಂಪ್ ಕೂಡ ಅದಕ್ಕಿಂತ ಕೆಳಗೆ ಇಳಿಯಲಾರದು.

ಸದ್ದಿನ ಚಹರೆ

ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್. ಕಿವಿಯಿಂದಲೇ ಗುರುತಿಸಬಯಸುವವರಿಗೆ ಶ್ರುತಿಪೆಟ್ಟಿಗೆ ನೆರವಾಗುತ್ತದೆ: ಬಿಳಿ ಐದರ (ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆಯ) ಸ್ವರವನ್ನು ಕೆಳಗಿನ ಸ್ಥಾಯಿಗಳಿಗೆ ಇಳಿಸುತ್ತ ಹೋದರೆ 98 ಹರ್ಟ್ಸ್ ಸಿಗುತ್ತದೆ, ಕರೆಂಟಿನ ಇಮ್ಮಡಿಯಾದ 100 ಹರ್ಟ್ಸ್ ಅದಕ್ಕಿಂತ ಕೂದಲೆಳೆ ಮೇಲಿದೆ. ಭಾಗವತರು ಬಿಳಿ ಐದರಲ್ಲಿ ಹಾಡುವ ದಿನ ಹಮ್ ಶ್ರುತಿಯೊಳಗೆ ಅಡಗಿಕೊಂಡು ಯಾರಿಗೂ ಗೊತ್ತಾಗದೆ ಹೋಗುವುದಕ್ಕೂ, ಶ್ರುತಿ ಬದಲಾದ ದಿನ ಅದೇ ಹಮ್ ಅಪಸ್ವರವಾಗಿ ಚುಚ್ಚುವುದಕ್ಕೂ ಇದೇ ಕಾರಣ.

ಕಿವಿಗಿಂತ ಕಂಪ್ಯೂಟರ್ ನಿಖರ. ಹತ್ತು ಸೆಕೆಂಡಿನಷ್ಟು ಬರಿಯ ಸದ್ದನ್ನು ಮುದ್ರಿಸಿ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ ನಕ್ಷೆ ತೆರೆದು, ಸೈಜ್ ಎಂಬಲ್ಲಿ 65536 ಆರಿಸಬೇಕು, ಆಗ 44.1 ಕಿಲೋಹರ್ಟ್ಸ್ ಮುದ್ರಣದಲ್ಲಿ ಒಂದು ಹರ್ಟ್ಸ್‌ಗಿಂತ ಸಣ್ಣ ಅಂತರವೂ ಕಾಣುತ್ತದೆ. ನಕ್ಷೆಯಲ್ಲಿ 50ರ ಕಂಬವೊಂದೇ ಎತ್ತರವಾಗಿದ್ದರೆ ಟ್ರಾನ್ಸ್‌ಫಾರ್ಮರ್ ಅಥವಾ ಮೋಟಾರಿನ ಕಾಂತಕ್ಷೇತ್ರ ಕೇಬಲಿಗೋ ಮೈಕಿನ ಸುರುಳಿಗೋ ಹತ್ತುತ್ತಿದೆ ಎನ್ನಬಹುದು. 100, 200, 300 ಹೀಗೆ ಸಮಗುಣಕಗಳು ಮುಂದಾಗಿದ್ದರೆ ಯಾವುದೋ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಬಲಗುಂದಿದೆ. ನೂರಾರು ಗುಣಕಗಳು ಸಾಲಾಗಿ ಕಿಲೋಹರ್ಟ್ಸುಗಳವರೆಗೂ ಬಾಚಣಿಗೆಯ ಹಲ್ಲಿನಂತೆ ನಿಂತಿದ್ದರೆ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್ ಅಥವಾ ಚಾರ್ಜರಿನ ಕರೆಂಟು ಸಿಗ್ನಲಿನ ಗ್ರೌಂಡ್ ತಂತಿಗೆ ಸೇರಿಕೊಂಡಿದೆ. 1000 ಹರ್ಟ್ಸಿನ ಕಂಬ ಕಂಡರೆ ಅದರ ಎಡಬಲಗಳನ್ನು ನೋಡುವುದು ಅಗತ್ಯ: 950, 1050 ಕೂಡ ಇದ್ದರೆ ಅದು ಕರೆಂಟಿನದೇ ಗುಣಕ, ಅವಿಲ್ಲದೆ 1000, 2000 ಮತ್ತು 8000ದಲ್ಲಿ ಮಾತ್ರ ಕಂಬಗಳಿದ್ದರೆ ಅದು ಯುಎಸ್‌ಬಿಯದ್ದು, ಏಕೆಂದರೆ ಯುಎಸ್‌ಬಿ ಸಂವಹನ ಸೆಕೆಂಡಿಗೆ 1000 ಮತ್ತು 8000 ಬಾರಿ ಮರುಕಳಿಸುವ ಲಯದಲ್ಲಿ ನಡೆಯುತ್ತದೆ. ಮೌಸ್ ಅಲುಗಿಸಿದಾಗ ಅಥವಾ ಪುಟ ಸರಿಸಿದಾಗ ಸ್ವರ ಬದಲಿಸುವ ಕೀಚಲು ಸದ್ದು ಕೂಡ ಇದೇ ಕುಟುಂಬದ್ದು. ಟಿಟ್ ಟಿಟಿಟಿಟ್ ಎಂದು ಬಿಟ್ಟುಬಿಟ್ಟು ಬರುವ 217 ಹರ್ಟ್ಸಿನ ಸದ್ದು 2ಜಿ ಫೋನಿನದು. ಗುಡ್ಡದ ಮರೆಯ ಮನೆಗಳಲ್ಲಿ ಸಿಗ್ನಲ್ ಸಿಗದೆ ಫೋನು 2ಜಿಗೆ ಇಳಿದಾಗ ಅದು 2 ವಾಟ್‌ವರೆಗಿನ ಶಕ್ತಿಯಲ್ಲಿ ಕೂಗಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್ ಹಾಕಿದರೆ ಪ್ರಕರಣ ಮುಗಿಯಿತು.

ಲ್ಯಾಪ್‌ಟಾಪ್ ಚಾರ್ಜರ್ ಮತ್ತು ಅರ್ತಿಂಗ್

ನಾನು ನೋಡಿದ ಮನೆಗಳಲ್ಲಿ ಅತಿ ಹೆಚ್ಚು ಸಲ ಸಿಕ್ಕಿಬಿದ್ದದ್ದು ಇದೇ ಜೋಡಿ. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಬ್ಯಾಟರಿಯಲ್ಲಿ ನಡೆಸಿದಾಗ ಸದ್ದು ಪೂರ್ತಿ ಹೋದರೆ ಅರ್ಧ ಕೆಲಸ ಮುಗಿದಂತೆಯೇ. ಇಂಥ ಚಾರ್ಜರುಗಳಲ್ಲಿ ಹೈ ಫ್ರೀಕ್ವೆನ್ಸಿ ಗದ್ದಲವನ್ನು ಅರ್ತಿಗೆ ಬಿಡಲು ವೈ ಕೆಪಾಸಿಟರ್ ಎಂಬ ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ತ್ ವಯರ್ ಸರಿಯಾಗಿದ್ದರೆ ಆ ಕರೆಂಟು ಅರ್ತಿಗೆ ಹರಿದು ಹೋಗುತ್ತದೆ. ಅರ್ತ್ ಇಲ್ಲದಿದ್ದರೆ, ಅಥವಾ ಚಾರ್ಜರ್ ಎರಡೇ ಪಿನ್ನಿನದ್ದಾಗಿದ್ದರೆ, ಲ್ಯಾಪ್‌ಟಾಪಿನ ಲೋಹದ ಮೈ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧಕ್ಕೆ ತೇಲಿ ನಿಲ್ಲುತ್ತದೆ. ಕರೆಂಟು ಅರ್ಧ ಮಿಲಿಆಂಪಿಯರಿಗೂ ಕಡಿಮೆಯಾದ್ದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಅಂಚಿನ ಮೇಲೆ ಬೆರಳಿನ ಹಿಂಬದಿಯನ್ನು ಮೆಲ್ಲಗೆ ಜಾರಿಸಿದರೆ ಚರ್ಮ ತರಿತರಿಯಾಗಿ ಹಿಡಿದಂತೆ ಜುಮ್ಮೆನ್ನುತ್ತದೆ. ಬರಿಗಾಲಿನಲ್ಲಿ ರೆಡ್‌ಆಕ್ಸೈಡ್ ನೆಲದ ಮೇಲೆ ನಿಂತವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ಚಪ್ಪಲಿ ಹಾಕಿದವರಿಗೆ ಗೊತ್ತಾಗುವುದಿಲ್ಲ. ಆ ಕರೆಂಟು ಅರ್ತಿಗೆ ದಾರಿ ಹುಡುಕುತ್ತ ಯುಎಸ್‌ಬಿ ಕೇಬಲ್, ಇಂಟರ್‌ಫೇಸ್, ಸ್ಪೀಕರ್ ಕೇಬಲಿನ ಷೀಲ್ಡ್ ಹೀಗೆ ಸಾಗಿದಾಗ ಬಜ್ (ಜುಂಯ್ ಎಂಬ ಒರಟು ಸದ್ದು) ಹುಟ್ಟುತ್ತದೆ.

ಮಲ್ಟಿಮೀಟರ್ ಇದ್ದರೆ ಸಾಕೆಟಿನಲ್ಲೇ ಸಂಗತಿ ತಿಳಿಯುತ್ತದೆ. ಮೀಟರನ್ನು ಎಸಿ 750 ವೋಲ್ಟಿಗೆ ಇಟ್ಟು ಅಳೆದಾಗ ಫೇಸಿನಿಂದ ನ್ಯೂಟ್ರಲಿಗೆ 230ರ ಆಸುಪಾಸು, ಫೇಸಿನಿಂದ ಅರ್ತಿಗೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲಿನಿಂದ ಅರ್ತಿಗೆ ಒಂದೆರಡು ವೋಲ್ಟ್ ತೋರಬೇಕು. ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಎರಡೂ ಅಸ್ಪಷ್ಟವಾಗಿ ನೂರರ ಹತ್ತಿರ ತೂಗಾಡುತ್ತಿದ್ದರೆ ಆ ಸಾಕೆಟಿನ ಅರ್ತ್ ವಯರ್ ಎಲ್ಲೋ ಬಿಟ್ಟುಹೋಗಿದೆ ಎಂದೇ ಅರ್ಥ. ಹಳೆಯ ಹಂಚಿನ ಮನೆಗೆ ಆಮೇಲೆ ಸೇರಿಸಿದ ಉಪ್ಪರಿಗೆಯ ಕೋಣೆಗಳಲ್ಲಿ ಮೂರು ತೂತಿನ ಸಾಕೆಟ್ ಹಾಕಿ ಮೇಲಿನ ತೂತಿಗೆ ವಯರನ್ನೇ ಎಳೆಯದೆ ಬಿಟ್ಟಿರುವುದು ಅಪರೂಪವಲ್ಲ.

ಗುಂಡಿಯ ಬಗೆಗಿನ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ. ನಮ್ಮ ಮುರಕಲ್ಲಿನ ನೆಲ ಮಾರ್ಚ್ ಏಪ್ರಿಲಿನಲ್ಲಿ ಒಣಗಿ ಅರ್ತ್ ಪೈಪಿನ ಸುತ್ತ ರೋಧ ಏರುತ್ತದೆ ಎಂಬುದು ದಿಟ. ಅದು 50 ಓಮ್‌ಗೆ ಏರಿತೆಂದೇ ಇಟ್ಟುಕೊಳ್ಳೋಣ. ಹತ್ತು ಸಾಧನಗಳ ಸೋರಿಕೆ ಸೇರಿ 5 ಮಿಲಿಆಂಪಿಯರ್ ಹರಿದರೂ ಅಲ್ಲಿ ಹುಟ್ಟುವುದು ಕಾಲು ವೋಲ್ಟ್ ಮಾತ್ರ, ಅದೂ ಎಲ್ಲ ಸಾಧನಗಳಿಗೂ ಸಮಾನವಾಗಿ. ಎಲ್ಲವೂ ಒಟ್ಟಿಗೆ ಏರಿಳಿದರೆ ಅವುಗಳ ನಡುವಿನ ಸಿಗ್ನಲಿಗೆ ಏನೂ ಆಗುವುದಿಲ್ಲ. ಸದ್ದಿನ ಮಟ್ಟಿಗೆ ಮುಖ್ಯವಾದುದು ಅರ್ತ್ ವಯರ್ ಸಾಕೆಟಿನಿಂದ ಮೇನ್ ಬೋರ್ಡಿನವರೆಗೆ ತುಂಡಾಗದೆ ಇರುವುದು, ಗುಂಡಿಯ ಗುಣಮಟ್ಟವಲ್ಲ. ಜೀವರಕ್ಷಣೆಯ ಮಟ್ಟಿಗೆ ಗುಂಡಿ ಬಹಳ ಮುಖ್ಯ, ಬೇಸಗೆಯಲ್ಲಿ ಅದಕ್ಕೆ ನೀರು ಹೊಯ್ಯುವುದನ್ನು ಯಾರೂ ನಿಲ್ಲಿಸಬಾರದು, ಸೋರಿಕೆಯಾದೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಇಎಲ್‌ಸಿಬಿಯೂ ಇರಲೇಬೇಕು. ಆದರೆ ಹೊಸ ಗುಂಡಿಯಿಂದ ಹಮ್ ಹೋದೀತೆಂದು ಕಾದರೆ ನಿರಾಶೆಯಾಗುವ ಸಂಭವವೇ ಹೆಚ್ಚು. ರೆಕಾರ್ಡಿಂಗಿಗೆಂದು ಪ್ರತ್ಯೇಕ ಗುಂಡಿ ತೋಡಿ, ಅದನ್ನು ಮನೆಯ ಅರ್ತಿಗೆ ಸೇರಿಸದೆ ಬಿಡುವುದಂತೂ ಅಪಾಯಕಾರಿ. ಸಿಡಿಲು ಹತ್ತಿರ ಬಡಿದಾಗ ಎರಡು ಅರ್ತುಗಳ ನಡುವಿನ ವೋಲ್ಟೇಜ್ ನೇರವಾಗಿ ಉಪಕರಣಗಳ ಮೂಲಕ ಹಾಯುತ್ತದೆ.

ಅರ್ತ್ ಸರಿಯಾಗಿದ್ದೂ ಯುಎಸ್‌ಬಿಯ ಕೀಚಲು ಹೋಗದಿದ್ದರೆ ಬೇರೆ ಪೋರ್ಟ್, ಗಿಡ್ಡ ಕೇಬಲ್, ಸ್ವಂತ ಅಡಾಪ್ಟರಿರುವ ಹಬ್ ಈ ಕ್ರಮದಲ್ಲಿ ಪ್ರಯತ್ನಿಸಬಹುದು. ಅಗ್ಗದ ಯುಎಸ್‌ಬಿ ಐಸೊಲೇಟರುಗಳಲ್ಲಿ (ಕಂಪ್ಯೂಟರಿಗೂ ಇಂಟರ್ಫೇಸಿಗೂ ನಡುವಿನ ನೇರ ವಿದ್ಯುತ್ ಸಂಪರ್ಕ ಕಡಿಯುವ ಸಾಧನ) ಹೆಚ್ಚಿನವು 12 ಮೆಗಾಬಿಟ್ ವೇಗದವು. 480 ಮೆಗಾಬಿಟ್ ಕೇಳುವ ಇಂಟರ್‌ಫೇಸ್ ಅದರ ಮೂಲಕ ಕೆಲಸ ಮಾಡದು. ಕೊಳ್ಳುವ ಮುನ್ನ ವೇಗ ನೋಡಿಕೊಳ್ಳಬೇಕು.

ಲೂಪ್

ಒಂದೇ ಜೋಡಿ ಉಪಕರಣಗಳು ಎರಡು ದಾರಿಗಳಲ್ಲಿ ಅರ್ತಿಗೆ ಸೇರಿದಾಗ ಉಂಟಾಗುವ ಬಳೆಯೇ ಗ್ರೌಂಡ್ ಲೂಪ್. ಎಡ ಮಾನಿಟರ್ ಸ್ಪೀಕರ್ ಈ ಗೋಡೆಯ ಸಾಕೆಟಿನಲ್ಲಿ, ಬಲದ್ದು ಆಚೆ ಕೋಣೆಯಿಂದ ಎಳೆದ ವಯರಿನಲ್ಲಿ ಇದ್ದರೆ ಸಾಕು. ಪರಿಹಾರ ಅಗ್ಗದ್ದು: ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರುಗಳು ಎಲ್ಲವನ್ನೂ ಒಂದೇ ಸಾಕೆಟಿನಿಂದ ಹೊರಟ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದು. ಇವೆಲ್ಲ ಸೇರಿ ಒಂದು ಮಿಕ್ಸಿಯಷ್ಟೂ ಕರೆಂಟು ಎಳೆಯುವುದಿಲ್ಲವಾದ್ದರಿಂದ ಬೋರ್ಡಿಗೆ ಭಾರವಾದೀತೆಂಬ ಹೆದರಿಕೆ ಬೇಡ.

ನಮ್ಮ ಕಡೆ ಎರಡನೇ ದಾರಿ ಎಣಿಸದ ಕಡೆಯಿಂದ ಬರುತ್ತದೆ. ಅಡಿಕೆ ಒಣಹಾಕುವ ಅಂಗಳವನ್ನೂ ತೋಟದ ಪಂಪ್‌ಶೆಡ್ಡನ್ನೂ ಕಾಯುವ ಸಿಸಿಟಿವಿಯ ಕೇಬಲ್ ಅಲ್ಲಿನ ಅರ್ತನ್ನು ಮನೆಯೊಳಗೆ ತರುತ್ತದೆ. ಕ್ಯಾಮೆರಾದ ದೃಶ್ಯ ಮುದ್ರಿಸುವ ಡಿವಿಆರ್ ಪೆಟ್ಟಿಗೆಯನ್ನು ಸ್ಟುಡಿಯೋದ ಮಾನಿಟರ್ ಪರದೆಗೇ ಸಿಕ್ಕಿಸಿದ್ದರೆ ಬಳೆ ಪೂರ್ತಿಯಾಯಿತು. ಡಿಶ್ಶಿನ ಕೇಬಲ್ ಕೂಡ ಹೀಗೆಯೇ. ಪಂಪು ಓಡುವಾಗ ಮಾತ್ರ ಹಮ್ ಬರುತ್ತದೆ ಎಂದಾದರೆ, ಇಂಥ ಕೇಬಲುಗಳನ್ನು ಒಂದೊಂದಾಗಿ ಕಳಚಿ ನೋಡಬೇಕು. ಇವೆಲ್ಲ ಕಳಚಿದ ಮೇಲೂ ಉಳಿದರೆ ವಯರ್‌ಮ್ಯಾನಿನಲ್ಲಿ ಹೇಳಿ ಪಂಪಿನ ಫೇಸ್ ಮತ್ತು ನ್ಯೂಟ್ರಲ್ ವಯರುಗಳೆರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಹಿಡಿಸಬೇಕು. ಹೋದ ಕರೆಂಟೆಲ್ಲ ಹಿಂದೆ ಬರುತ್ತಿದ್ದರೆ ಮೀಟರ್ ಸೊನ್ನೆ ತೋರಬೇಕು. ತೋರದಿದ್ದರೆ ಪಂಪಿನಲ್ಲಿ ಸೋರಿಕೆಯಿದೆ, ಅದು ಆಡಿಯೊದ ಸಮಸ್ಯೆಗಿಂತ ದೊಡ್ಡದು, ಆ ದಿನವೇ ನೋಡಬೇಕಾದದ್ದು.

ಬ್ಯಾಲೆನ್ಸ್ಡ್ ಕೇಬಲ್ (ಸಿಗ್ನಲಿಗೆ ಎರಡು ತಂತಿ, ಷೀಲ್ಡ್ ಬೇರೆ ಇರುವಂಥದ್ದು) ಹಾಕಿದರೆ ಲೂಪಿನ ತೊಂದರೆಯೇ ಇರುವುದಿಲ್ಲ ಎಂಬುದು ಪೂರ್ತಿ ಸರಿಯಲ್ಲ. ಎಕ್ಸ್‌ಎಲ್‌ಆರ್‌ನ 1ನೇ ಪಿನ್ನಿಗೆ ಬಂದ ಷೀಲ್ಡನ್ನು ಪೆಟ್ಟಿಗೆಯ ತಗಡಿಗೆ ಜೋಡಿಸುವ ಬದಲು ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಜೋಡಿಸಿದ ಉಪಕರಣಗಳಲ್ಲಿ ಷೀಲ್ಡಿನ ಕರೆಂಟು ನೇರ ಸಿಗ್ನಲಿಗೆ ಬೆರೆಯುತ್ತದೆ. ನೀಲ್ ಮನ್ಸಿ ಎಂಬ ಆಡಿಯೊ ತಜ್ಞರು 1990ರ ದಶಕದಲ್ಲಿ ಇದನ್ನು ‘ಪಿನ್ 1 ಸಮಸ್ಯೆ’ ಎಂದು ಗುರುತಿಸಿದರು. ಸರಿಯಾದ ಜೋಡಣೆ ಹೇಗಿರಬೇಕೆಂದು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಎಇಎಸ್48 ಎಂಬ ಮಾನಕವೂ 2005ರಲ್ಲಿ ಬಂದಿತು. ಉಪಕರಣದಲ್ಲೇ ಈ ದೋಷವಿದ್ದರೆ ಎರಡರ ನಡುವೆ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕುವುದೇ ಮದ್ದು.

ಗಾಳಿಯಲ್ಲಿ ಬರುವುದು

ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರಕ್ಕೆ ಷೀಲ್ಡ್ ಅಡ್ಡಿಯಲ್ಲ, ದೂರ ಮಾತ್ರ ಅಡ್ಡಿ. ಒಳ್ಳೆಯ ಸುದ್ದಿಯೆಂದರೆ ದೂರ ಇಮ್ಮಡಿಯಾದಾಗ ಅದು ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಭಾರದ ಅಡಾಪ್ಟರನ್ನು ಮೈಕ್ ಕೇಬಲಿನಿಂದ ಎರಡಡಿ ಆಚೆ ಸರಿಸಿದ್ದರಿಂದಲೇ ಮುಗಿದ ಪ್ರಕರಣಗಳಿವೆ. ಕರೆಂಟಿನ ವಯರನ್ನೂ ಮೈಕಿನ ಕೇಬಲನ್ನೂ ಜೊತೆಯಾಗಿ ಕಟ್ಟಿ ಚಂದ ಮಾಡಬಾರದು. ದಾಟಲೇಬೇಕಾದಲ್ಲಿ ಕತ್ತರಿಯಾಕಾರದಲ್ಲಿ ದಾಟಿಸಬೇಕು. ಕೇಬಲಿಗೆ ತೊಡಿಸುವ ಫೆರೈಟ್ ಮಣಿ ಇದಕ್ಕೆ ಏನೂ ಮಾಡದು, ಅದು ರೇಡಿಯೋ ಆವರ್ತನದ ಗದ್ದಲಕ್ಕೆ ಮಾತ್ರ.

ಆ ಗದ್ದಲದ ಮೂಲ ಹುಡುಕಲು ಹಳೆಯ ಮೀಡಿಯಂ ವೇವ್ ರೇಡಿಯೋಗಿಂತ ಒಳ್ಳೆಯ ಉಪಕರಣವಿಲ್ಲ. ಯಾವ ನಿಲಯವೂ ಬಾರದ ಜಾಗಕ್ಕೆ ಮುಳ್ಳು ತಿರುಗಿಸಿ, ಸ್ವರ ಏರಿಸಿ, ಕೋಣೆಯಲ್ಲಿ ನಿಧಾನವಾಗಿ ನಡೆಯಬೇಕು. ಎಲ್‌ಇಡಿ ಬಲ್ಬಿನ ಹತ್ತಿರ, ಫ್ಯಾನ್ ರೆಗ್ಯುಲೇಟರಿನ ಹತ್ತಿರ, ಮೊಬೈಲ್ ಚಾರ್ಜರಿನ ಹತ್ತಿರ ಕರಕರೆ ಏರಿಳಿಯುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಒಳಗಿನ ಫೆರೈಟ್ ಕೋಲಿನ ತುದಿ ಮೂಲದ ಕಡೆಗೆ ತಿರುಗಿದಾಗ ಸದ್ದು ಕುಸಿಯುವುದರಿಂದ ರೇಡಿಯೋವನ್ನು ಸುತ್ತ ತಿರುಗಿಸಿ ದಿಕ್ಕನ್ನೂ ಅಂದಾಜು ಮಾಡಬಹುದು. ಫ್ಯಾನ್ ರೆಗ್ಯುಲೇಟರುಗಳಲ್ಲಿ ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವವು ಸಾಮಾನ್ಯವಾಗಿ ಕೆಪಾಸಿಟರಿನವು, ನಿರುಪದ್ರವಿಗಳು. ಎಲ್ಲೂ ತಡೆಯದೆ ನುಣ್ಣಗೆ ತಿರುಗುವವು ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನವು, ಅರ್ಧ ವೇಗದಲ್ಲಿಟ್ಟಾಗ ಅತಿ ಹೆಚ್ಚು ಕಾಟ ಕೊಡುವವು.

ಸಂಜೆ ಮಾತ್ರ ಬರುವ ಹಮ್

ಹಗಲಿಡೀ ಶುದ್ಧವಾಗಿದ್ದ ಹಳೆಯ ಮಿಕ್ಸರ್ ರಾತ್ರಿ ಏಳರ ಹೊತ್ತಿಗೆ 100 ಹರ್ಟ್ಸ್ ಹಮ್ ಹಿಡಿದರೆ ಸಾಕೆಟಿನ ವೋಲ್ಟೇಜ್ ಅಳೆಯಬೇಕು. ಟ್ರಾನ್ಸ್‌ಫಾರ್ಮರಿನಿಂದ ದೂರದ, ಲೈನಿನ ಕೊನೆಯ ಮನೆಗಳಲ್ಲಿ ಅದು 180ಕ್ಕೆ ಇಳಿದಿರುವುದುಂಟು. ಲೀನಿಯರ್ ಪವರ್ ಸಪ್ಲೈಯ ರೆಗ್ಯುಲೇಟರಿಗೆ ಬೇಕಾದಷ್ಟು ವೋಲ್ಟೇಜ್ ಒಳಗೆ ಸಿಗದಿದ್ದಾಗ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಹಾಗೆಯೇ ಹೊರಬೀಳುತ್ತದೆ. ಸ್ಟೆಬಿಲೈಸರ್ ಸೇರಿಸಿದಾಗ ಹಮ್ ಹೋದರೆ ಉಪಕರಣ ಸರಿಯಿದೆ. ಹೋಗದಿದ್ದರೆ ಕೆಪಾಸಿಟರ್ ಬದಲಿಸುವ ಕಾಲ ಬಂದಿದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಮನೆ ಇನ್ವರ್ಟರಿಗೆ ಬದಲಾದಾಗ ಬಜ್ ಏರಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಎಂದು ತಿಳಿಯಬಹುದು; ಸೈನ್ ವೇವ್ ಆದರೆ ವ್ಯತ್ಯಾಸ ತೀರಾ ಕಡಿಮೆ.

ಮಳೆಗಾಲದ ಪಟಪಟ

ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಜುಲೈ ತಿಂಗಳ ಪಟಪಟ, ಬುಸ್ ಸದ್ದುಗಳನ್ನು ಕರೆಂಟಿನ ಮೇಲೆ ಹೊರಿಸುವ ಮೊದಲು ಕಂಡೆನ್ಸರ್ ಮೈಕನ್ನು ಸಂಶಯಿಸಬೇಕು. ಅದರ ಕ್ಯಾಪ್ಸೂಲಿನ ಸುತ್ತಲಿನ ರೋಧ ಗಿಗಾಓಮ್ ಲೆಕ್ಕದ್ದು. ತೇವದ ತೆಳು ಪೊರೆ ಕೂತರೂ ಅಲ್ಲಿ ಸೋರಿಕೆ ಶುರುವಾಗುತ್ತದೆ. ಮೈಕನ್ನು ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ನೋಡಿದಾಗ ಸದ್ದು ನಿಂತರೆ ರೋಗ ತಿಳಿಯಿತು. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಜ್ಯಾಕುಗಳ ಮೇಲೆ ಉಪ್ಪಿನ ಗಾಳಿಯ ಹಸಿರು ಕಿಲುಬು ಹಿಡಿಯುತ್ತದೆ. ಪ್ಲಗ್ಗನ್ನು ತಿರುಗಿಸಿದಾಗ ಕರಕರೆ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಈಗಾಗಲೇ ಹಮ್ ಸೇರಿಹೋದ ಮುದ್ರಣವಿದ್ದರೆ

ಮರಳಿ ಮುದ್ರಿಸಲಾಗದ ಕೂಟವಾಗಿದ್ದರೆ ಮಾತ್ರ ಸಾಫ್ಟ್‌ವೇರಿಗೆ ಕೈಹಾಕಬೇಕು. 50, 100, 150 ಹರ್ಟ್ಸ್‌ಗಳಲ್ಲಿ ಇಕ್ಕಟ್ಟಾದ ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಕತ್ತರಿಸುವ ಫಿಲ್ಟರ್) ಹಾಕಿದರೆ ಮಾತಿಗೆ ಹಾನಿಯಾಗದು. ಆದರೆ ಗ್ರಿಡ್ಡಿನ ಆವರ್ತನ ಸ್ಥಿರವಲ್ಲ. ನಮ್ಮ ದೇಶದ ನಿಯಮಾವಳಿಯಲ್ಲೇ ಅದಕ್ಕೆ 49.90ರಿಂದ 50.05 ಹರ್ಟ್ಸ್‌ವರೆಗೆ ಅವಕಾಶವಿದೆ. ಇಪ್ಪತ್ತನೇ ಗುಣಕದ ಹೊತ್ತಿಗೆ ಇದು 998ರಿಂದ 1001ರವರೆಗಿನ ಓಲಾಟವಾಗುವುದರಿಂದ, ಮೇಲಿನ ಗುಣಕಗಳಿಗೆ ಫಿಲ್ಟರನ್ನು ಅಷ್ಟಷ್ಟೇ ಅಗಲ ಮಾಡಬೇಕಾಗುತ್ತದೆ. ನಾಯ್ಸ್ ರಿಡಕ್ಷನ್ ಬಳಸುವುದಾದರೆ ಯಾರೂ ಮಾತಾಡದ ಕೆಲವು ಸೆಕೆಂಡುಗಳ ಮಾದರಿ ಬೇಕು, ಆದ್ದರಿಂದ ಪ್ರತಿ ಮುದ್ರಣದ ಆರಂಭದಲ್ಲಿ ಹತ್ತು ಸೆಕೆಂಡಿನ ಮೌನ ಹಿಡಿದಿಡುವುದು ಒಳ್ಳೆಯದು. ಅರ್ಥಗಾರಿಕೆಯ ಭಾಗಕ್ಕೆ 6ರಿಂದ 10 ಡೆಸಿಬೆಲ್ ತಗ್ಗಿಸಿದರೆ ಸಾಕು. ಮದ್ದಳೆಯ ನಾದ ಬಡಿತದ ನಂತರ ನಿಧಾನವಾಗಿ ಇಳಿಯುವಂಥದ್ದು. ಅದರ ಬಾಲವನ್ನು ಸಾಫ್ಟ್‌ವೇರ್ ಸದ್ದೆಂದೇ ತಿಳಿದು ಕತ್ತರಿಸುವುದರಿಂದ, ಹಿಮ್ಮೇಳದ ಭಾಗವನ್ನು ಬೇರ್ಪಡಿಸಿ ಅಲ್ಲಿ ನಾಚ್ ಫಿಲ್ಟರನ್ನಷ್ಟೇ ಬಿಡುವುದು ಲೇಸು.